ಹೊಳೆದಂಡೆಯಲ್ಲಿ ನಾನು ತೋರಿಸಿದ ಅಕ್ಕ

ನನ್ನ ಅಕ್ಕನಿಗೆ ಹುಚ್ಚಿಲ್ಲ ಎಂಬ ಒಂದು ಮಾತನ್ನು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಅವಳ ಮಗಳನ್ನು ನೋಡಲು ಭಾಲ್ಕಿಯಿಂದ ಬಂದವರು ನೌಬಾದದ ನನ್ನ ಮನೆಯಲ್ಲಿ ಕುಳಿತು, ನನ್ನ ಮುಖ ನೋಡಿಯೇ ಕೇಳಿದ್ದರು. ಆ ಹುಚ್ಚಿನ ಮಾತು ಎಲ್ಲಿ ಹುಟ್ಟಿತು ಎಂದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಅದು ನನ್ನ ಬಾಯಲ್ಲಿ ಹುಟ್ಟಿತ್ತು.

ನಾನು ಬೀದರಿನಲ್ಲಿ ಆಟೋ ಓಡಿಸಿದವನು. ಬರೀ ಸವಾರಿ ಅಲ್ಲ. ಊರು ನೋಡಲು ಬಂದವರನ್ನು ಕೂರಿಸಿಕೊಂಡು ಕೋಟೆ, ಗುಮ್ಮಟ, ಹಳೆಯ ಓಣಿ, ಹೊಳೆ ಎಲ್ಲ ತೋರಿಸಿ, ಕತೆ ಹೇಳಿ, ಸಂಜೆಗೆ ಲಾಡ್ಜಿಗೆ ಬಿಡುತ್ತಿದ್ದೆ. ಈಗ ಮೊಣಕಾಲು ಹೋಗಿವೆ, ಆಟೋ ಮಾರಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು ಮನೆಗೆ ಬಂದು, “ಕಾಕಾ, ನೀವು ಹ್ಯಾಂಗ ಮಾಡ್ತಿದ್ರಿ, ನಮಗೂ ಹೇಳ್ರಿ” ಎನ್ನುತ್ತಾರೆ. ನಾನು ಏಳನೇ ಇಯತ್ತೆ ತನಕ ಸಾಲಿ ಕಲಿತವನು. ಬರೆದು ರೂಢಿ ಇಲ್ಲ. ಆದರೂ ಬಾಯಿಂದ ಹೇಳಿದರೆ ಮತ್ತೆ ಬಣ್ಣ ಹಚ್ಚಿಯೇನೆಂಬ ಅಂಜಿಕೆಯಿಂದ ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ಖಾಜಾ ಚಾಚಾ. ಮೊದಲು ಅವರದು ಟಾಂಗಾ ಇತ್ತು. ಕುದುರೆ ಸತ್ತ ಮೇಲೆ ಇನ್ನೊಂದು ಕೊಳ್ಳಲಿಲ್ಲ. ಬಾಡಿಗೆ ಆಟೋ ಹಿಡಿದು ನಿಂತಿದ್ದ ನನ್ನ ಹತ್ತಿರ ಒಂದು ದಿನ ಬಂದು, “ಗಾಡಿ ನಿಂದು, ಮಾತು ನಂದು. ಬಂದಿದ್ದು ಅರ್ಧ ಅರ್ಧ” ಎಂದು ನನ್ನ ಸೀಟಿನ ಅಂಚಿನಲ್ಲಿಯೇ ಕುಳಿತುಬಿಟ್ಟರು. ಬಹಳ ವರ್ಷ ಅಲ್ಲಿಯೇ ಕುಳಿತರು. ಆಟೋ ಎಡಕ್ಕೆ ತಿರುಗಿಸಬೇಕಾದರೆ “ಚಲ್ ಬೇಟೆ” ಎಂದು ಮುಂದಿನ ಗಾಜಿಗೆ ಹೇಳುತ್ತಿದ್ದರು. ಕುದುರೆಗೆ ಹೇಳಿದ ರೂಢಿ.

ಅಷ್ಟೂರಿನ ದೊಡ್ಡ ಗುಮ್ಮಟದ ಒಳಗೆ ಗೋಡೆ, ಛತ್ತಿನ ತುಂಬ ಬಣ್ಣದ ಕೆಲಸವಿದೆ. ಆದರೆ ಒಳಗೆ ಕತ್ತಲೆ. ಆಗ ಅಲ್ಲಿ ದೀಪವಿರಲಿಲ್ಲ. ಬಾಗಿಲಲ್ಲಿ ಒಬ್ಬ ಕನ್ನಡಿ ಹಿಡಿದು ನಿಲ್ಲಬೇಕು, ಹೊರಗಿನ ಬಿಸಿಲನ್ನು ಅದರಲ್ಲಿ ಹಿಡಿದು ಒಳಗೆ ಎಸೆಯಬೇಕು. ಬೆಳಕು ಬಿದ್ದಲ್ಲಿ ಕೆಂಪು, ಬಂಗಾರದ ಬಣ್ಣ ಏಳುತ್ತಿತ್ತು. ಕಾವಲುಗಾರ ಇಲ್ಲದ ದಿನ ಚಾಚಾ ನನ್ನ ಕೈಗೆ ಕನ್ನಡಿ ಕೊಟ್ಟರು. ನಾನು ಹಿಡಿದ ಕನ್ನಡಿ ಓರೆಯಾಗಿ ಬೆಳಕು ಗೋಡೆ ಬಿಟ್ಟು ಹೈದರಾಬಾದಿನ ಒಬ್ಬ ಹೆಣ್ಣುಮಗಳ ಮುಖದ ಮೇಲೆ ಹೋಗಿ ನಿಂತಿತು. ಗಂಡ ಜಗಳಕ್ಕೆ ಬಂದ. ಚಾಚಾ ಅವನ ಮುಂದೆ ಕೈಮುಗಿದು, ನನ್ನ ಕಡೆ ತಿರುಗಿ, “ಬಾದಶಹಾನ ಮನಿ ತೋರ್ಸು ಅಂದ್ರ ಮಂದೀ ಮನಿ ಹೆಂಗಸ್ರನ್ನ ತೋರಿಸ್ತಿಯಲ್ಲೋ ಹೈವಾನ್” ಎಂದರು. ಗಂಡನೂ ನಕ್ಕ. ಆಗ ಬಿಸಿಲು ಇಳಿಯುವುದರೊಳಗೆ ಅಷ್ಟೂರು ಮುಟ್ಟಬೇಕೆಂಬ ಗಡಿಬಿಡಿ ಇರುತ್ತಿತ್ತು, ಮೋಡ ಬಂದರೆ ಕಾಯಬೇಕಾಗುತ್ತಿತ್ತು. ಈಗ ಎಲ್ಲರ ಕೈಯಲ್ಲಿ ಮೊಬೈಲಿನ ಬ್ಯಾಟರಿ ಇದೆ. ಯಾರೂ ಕಾಯುವುದಿಲ್ಲ, ಬಹಳ ಹೊತ್ತು ನೋಡುವುದೂ ಇಲ್ಲ.

ನನ್ನ ಮೊದಲ ದೊಡ್ಡ ತಪ್ಪು ನೌಬಾದದ ಸುರಂಗ ಬಾವಿಯಲ್ಲಿ ನಡೆಯಿತು. ಅದು ನೆಲದೊಳಗೆ ನೀರು ಹರಿಸಲು ಹಿಂದಿನವರು ಕೊರೆದ ಕಾಲುವೆ. ಆಗಿನ್ನೂ ಅದನ್ನು ಸ್ವಚ್ಛ ಮಾಡಿರಲಿಲ್ಲ. ಕಾಲುವೆಗೆ ಮೇಲಿನಿಂದ ತೋಡಿದ ಬಾವಿಗಳಲ್ಲಿ ಓಣಿಯ ಕಸವೆಲ್ಲ ಬಿದ್ದಿತ್ತು. ಚಾಚಾ ಜ್ವರವೆಂದು ಮನೆಯಲ್ಲಿದ್ದರು. ನಾನೊಬ್ಬನೇ ಮಾತಾಡುವ ಉಮೇದಿನಲ್ಲಿ, ಇದರೊಳಗೆ ಕುದುರೆ ಹತ್ತಿ ಕೋಟೆ ತನಕ ಹೋಗಬಹುದು ಎಂದು ಬುರುಡೆ ಹೊಡೆದೆ. ಬಂದವರಲ್ಲಿ ಒಬ್ಬ ತರುಣ ಅದನ್ನು ನಂಬಿ, ಬೇಡವೆಂದರೂ ಇಳಿದ. ಸೊಂಟದ ತನಕ ಕೊಳಚೆಯಲ್ಲಿ ಸಿಕ್ಕಿಬಿದ್ದ. ಪಕ್ಕದ ಹೊಲದವರು ಹಗ್ಗ ತಂದು ಎಳೆದರು. ಮೈ ಬಂತು, ಬೂಟು ಬರಲಿಲ್ಲ.

ಚಾಚಾರಿಗೆ ಸುದ್ದಿ ಮುಟ್ಟಿತ್ತು. ಹಾಸಿಗೆಯಲ್ಲಿ ಎದ್ದು ಕುಳಿತು, “ಮರೆ ಸೋ ಬಾದಶಹಾಂಕಿ ಬಾತಾಂ ಬೋಲ್. ಜಿಂದೆ ಲೋಗಾಂಕಿ ನಕ್ಕೊ” ಎಂದರು. ಸತ್ತ ಬಾದಶಹರ ಬಗ್ಗೆ ಏನಾದರೂ ಹೇಳು, ಬದುಕಿದವರ ಬಗ್ಗೆ ಬೇಡ.

“ನಾ ಬದುಕಿದವ್ರ ಮಾತು ಎಲ್ಲಿ ಆಡೀನ್ರಿ ಚಾಚಾ, ಬಾವಿ ಮಾತು ಆಡೀನಿ” ಎಂದೆ.

“ಇಳ್ದವ ಬದುಕಿದ್ದಿಲ್ಲೇನು? ಬಾದಶಹಾ ಎದ್ದು ಬಂದು ಸುಳ್ಳು ಅಂತ ಹೇಳಾಂಗಿಲ್ಲ, ಅವಂಗ ಲುಕ್ಸಾನೂ ಇಲ್ಲ. ಬದುಕಿದಾಂವ ನಿನ್ನ ಮಾತು ನಂಬಿ ಕಾಲಿಡ್ತಾನ, ಮಗನ.”

ಚಾಚಾ ತೀರಿಹೋದ ಮೇಲೆ ಅಂಚಿನ ಸೀಟು ಖಾಲಿಯಾಯಿತು. ಗಾಡಿಯೂ ನನ್ನದು, ಮಾತೂ ನನ್ನದು. ಆ ಹೊತ್ತಿಗೆ ಒಂದು ಲಾಡ್ಜಿನ ಮ್ಯಾನೇಜರನಿಗೆ ನಾನು ಬೇಕಾದವನಾಗಿದ್ದೆ. ಅವನೇ ಗಿರಾಕಿ ಕಳಿಸುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ನಾಲಿಗೆ ಕುಡುಗೋಲು. “ಏ ಝರೆಪ್ಪ, ನೀ ಮುಂಜಾನಿಂದ ಸಂಜಿ ತನಕ ಬರೀ ಕಲ್ಲು ತೋರಿಸ್ತಿಯಂತ. ಭಾಲ್ಕಿಗಿ ಒಯ್ದು ಅಲ್ಲೀ ಕ್ವಾಟಿನೂ ತೋರಿಸಿದಿಯಂತ, ಅಲ್ಲೂ ಕಲ್ಲೇ ಅಂತ. ಮಂದಿ ಆಕಳ್ಸಕೋತ ವಾಪಸ್ ಬರ್ತಾರ. ಏನರೆ ಹೊಸಾದು ನೋಡು, ಇಲ್ಲಂದ್ರ ನಾ ಹೊಸಾವನ್ನ ನೋಡ್ತೇನಿ” ಎಂದ. ಹಾಗೆ ನಾನು ಗಿರಾಕಿಗಳನ್ನು ನನ್ನ ಊರಿಗೆ ಕರೆದೊಯ್ಯಲು ಶುರು ಮಾಡಿದೆ.

ನಮ್ಮ ಊರು ಔರಾದ ಕಡೆ, ಮಾಂಜ್ರಾ ಹೊಳೆಯ ದಂಡೆಗೇ ಇದೆ. ಒಂದು ಕಾಲದಲ್ಲಿ ಪೇಟೆ ಊರು. ಗಢಿ ಎಂಬ ಬಿದ್ದುಹೋದ ಸಣ್ಣ ಕೋಟೆ, ಅದರ ಅಗಸೆ ಬಾಗಿಲು, ಅದನ್ನು ದಾಟಿದರೆ ಕಲ್ಲಿನ ಮನೆಗಳ ಒಂದು ಓಣಿ, ಚಿಕ್ಕ ಮಸೀದಿ, ಅದರ ಬೆನ್ನಿಗೆ ಹನುಮಂತ ದೇವರ ಗುಡಿ, ಕೊನೆಗೆ ಹೊಳೆಗೆ ಇಳಿಯುವ ಮೆಟ್ಟಿಲು. ಸಂಜೆಯ ಬೆಳಕಿನಲ್ಲಿ ಅದು ಚಂದ ಕಾಣುತ್ತದೆ. ಬಂದವರಿಗೆ ಹಿಡಿಸಿತು.

ಆ ಊರಿನಲ್ಲಿಯೇ ನನ್ನ ಅಕ್ಕ ಕಾಶಮ್ಮ ಇದ್ದಳು. ಅವಳನ್ನು ಊರೊಳಗೇ ಕೊಟ್ಟಿದ್ದರು. ಭಾವ ಮಾಣಿಕಪ್ಪನದು ಕುರಿ ಸಾಕುವ ಮನೆತನ. ಮಳೆಗಾಲದಲ್ಲಿ ಹಳೆಯ ಸೇತುವೆಯ ಮೇಲೆ ನೀರು ಬಂದರೆ ಅವನು ಬೆಲ್ಲ ಕಾಸುವ ದೊಡ್ಡ ಕಡಾಯಿಯನ್ನು ಹೊಳೆಗೆ ಇಳಿಸಿ ಜನರನ್ನು ದಾಟಿಸುತ್ತಿದ್ದ. ನಮ್ಮ ಕಡೆ ಅದೇ ದೋಣಿ. ಒಂದು ಮಳೆಗಾಲ, ಆಚೆ ದಂಡೆಗೆ ಜನರನ್ನು ಇಳಿಸಿ ಒಬ್ಬನೇ ತಿರುಗಿ ಬರುವಾಗ ಕಡಾಯಿ ಮಗುಚಿತು. ಕೆಳಗಿನ ಊರಿನ ಜಾಲಿ ಕಂಟಿಯಲ್ಲಿ ಹೆಣ ಸಿಕ್ಕಿತು. ಅಕ್ಕ ತಾನೇ ಹೋಗಿ ಕಂಬಳಿಯಲ್ಲಿ ಸುತ್ತಿಸಿ ತಂದಳು. ಅತ್ತಳು, ಮಣ್ಣು ಮಾಡಿದಳು. ಎದೆಗೂಸು ಸಂಗೀತಾಳನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ಹೊಡೆದುಕೊಂಡು ಹೋದಳು. ಯಾರ ಹಂಗೂ ಇಲ್ಲದೆ ಮಗಳನ್ನು ಕಾಲೇಜು ಮೆಟ್ಟಿಲು ಹತ್ತಿಸಿದಳು. ನಾನು ಕಂಡವರಲ್ಲಿ ಅವಳಷ್ಟು ತಲೆ ಗಟ್ಟಿಯಿದ್ದ ಮನುಷ್ಯರು ಇನ್ನೊಬ್ಬರಿಲ್ಲ.

ಒಂದು ಸಂಜೆ ನಾನು ಗಿರಾಕಿಗಳೊಡನೆ ಮೆಟ್ಟಿಲ ಮೇಲೆ ನಿಂತಿದ್ದೆ. ಅಕ್ಕ ದಿನದಂತೆ ಕುರಿಗೆ ನೀರು ಕುಡಿಸಲು ಬಂದು ಕೆಳಗೆ ನೀರಿನ ಅಂಚಿನಲ್ಲಿದ್ದಳು. ಅವಳ ಒಂದು ಟಗರು ಹೊಳೆಯ ನಡುವಿನ ದಿಬ್ಬಕ್ಕೆ ಹೋಗಿ ಕಂಟಿಯ ಮರೆಯಲ್ಲಿ ನಿಂತಿತ್ತು. ಎರಡೂ ಕೈ ಬಾಯಿಗೆ ಹಿಡಿದು ಅವಳು ಅದನ್ನು ಕೂಗುತ್ತಿದ್ದಳು. ಮೇಲಿನಿಂದ ಟಗರು ಕಾಣುತ್ತಿರಲಿಲ್ಲ. ಪುಣೆಯಿಂದ ಬಂದಿದ್ದ ಒಬ್ಬ ವಯಸ್ಸಾದ ತಾಯಿ, “ಅವಳು ಯಾರನ್ನು ಕರೆಯುತ್ತಿದ್ದಾಳೆ?” ಎಂದು ಹಿಂದಿಯಲ್ಲಿ ಕೇಳಿದರು.

“ಗಂಡನನ್ನು” ಎಂದೆ.

ಯಾಕೆ ಹಾಗೆಂದೆನೋ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಅಂದ ಮೇಲೆ ಮಾತು ತಾನೇ ಮುಂದೆ ಹೋಯಿತು. ಗಂಡ ಹೊಳೆಪಾಲಾದ, ಹೆಣ ಸಿಗಲೇ ಇಲ್ಲ, ಅಂದಿನಿಂದ ಇವಳಿಗೆ ಬುದ್ಧಿ ಸ್ಥಿಮಿತವಿಲ್ಲ, ದಿನಾ ಸಂಜೆ ಬಂದು ಕರೆಯುತ್ತಾಳೆ ಎಂದೆ. ಆ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಷ್ಟು ವರ್ಷ ಬಾದಶಹರ ಯುದ್ಧ, ಕೊಲೆ, ಸೆರೆಮನೆ ಎಲ್ಲ ಹೇಳಿದ್ದೆ; ಒಬ್ಬರ ಕಣ್ಣೂ ಒದ್ದೆಯಾಗಿರಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಅದನ್ನು ಮುಚ್ಚಿಡಬಾರದು.

ಲಾಡ್ಜಿನಲ್ಲಿ ಅವರು ಅದನ್ನೇ ಹೇಳಿದರಂತೆ. ಮರುದಿನ ಮ್ಯಾನೇಜರ ಬೇರೆಯವರನ್ನು ಕಳಿಸಿ, “ಆ ಹೊಳಿ ಹೆಂಗಸಿನ್ನ ತೋರ್ಸು” ಎಂದ. ಅವನಿಗೂ ಅವಳು ನನ್ನ ಅಕ್ಕ ಎಂದು ಹೇಳಲಿಲ್ಲ. ಹೀಗೆ ಅದು ರೂಢಿಯಾಯಿತು. ಕೋಟೆ, ಅಷ್ಟೂರು, ನೌಬಾದದ ಬಾವಿ, ಸಂಜೆಗೆ ಅಕ್ಕ.

ಒಂದು ತೊಂದರೆ ಇತ್ತು. ನನ್ನ ಆಟೋ ಕಂಡರೆ ಅಕ್ಕ ಕೈ ಬೀಸುತ್ತಿದ್ದಳು, ಗಡಿಗೆಯಲ್ಲಿ ಮಜ್ಜಿಗೆ ಹಿಡಿದು ಮೇಲೆ ಬಂದುಬಿಡುತ್ತಿದ್ದಳು. ತಮ್ಮನೊಡನೆ ಬಂದವರು ಬಾಯಾರಿರುತ್ತಾರೆಂದು. ಒಮ್ಮೆ ಗಿರಾಕಿಗಳು ಇಳಿಯುವ ಮೊದಲೇ ಓಡಿಹೋಗಿ ತಡೆದೆ.

“ಅಕ್ಕಾ, ನೀ ಮ್ಯಾಲ ಬರಬ್ಯಾಡ. ಇವ್ರು ದೊಡ್ಡ ಮಂದಿ. ಕುರಿ ವಾಸನಿ, ಉಣ್ಣಿ ಅಂದ್ರ ಅಂಜತಾರ. ನೀ ಅಲ್ಲೇ ಮೆಟ್ಲಾ ಮ್ಯಾಲ ದೂರ ಕೂಡು.”

ಅವಳು ತನ್ನ ಸೀರೆಯ ಅಂಚನ್ನು ಮೂಸಿ ನೋಡಿದಳು. “ಹೌದಲ್ಲ ತಮ್ಮಾ, ನಂಗ ಗೊತ್ತಾಗಾಂಗಿಲ್ಲ ನೋಡು” ಎಂದು ನಕ್ಕು ಕೆಳಗೆ ಹೋದಳು. ಅಂದಿನಿಂದ ನನ್ನ ಆಟೋದ ಸಪ್ಪಳ ಕೇಳಿದರೆ ತಾನೇ ದೂರದ ಮೆಟ್ಟಿಲಿಗೆ ಹೋಗಿ ಕೂಡುತ್ತಿದ್ದಳು. ನನ್ನ ಕೆಲಸಕ್ಕೆ ಅಡ್ಡಿಯಾಗಬಾರದೆಂದು ನೀರಿನ ಕಡೆ ಮುಖ ಮಾಡಿ ಕೂಡುತ್ತಿದ್ದಳು. ನನ್ನ ಕತೆಗೆ ಬೇಕಾದದ್ದೂ ಅದೇ. ಜನ ಮೇಲಿನಿಂದ ಫೋಟೋ ಹೊಡೆದುಕೊಳ್ಳುತ್ತಿದ್ದರು.

ಸಂಗೀತಾ ಪಿಯುಸಿ ಮುಗಿಸಿದಳು. ಭಾಲ್ಕಿಯ ಒಂದು ಕಿರಾಣಿ ಅಂಗಡಿಯ ಮನೆಯವರು ತಾವಾಗಿಯೇ ಕೇಳಿದರು. ಹುಡುಗ ಅವಳನ್ನು ಒಂದು ಮದುವೆಯಲ್ಲಿ ನೋಡಿದ್ದ, ಅವಳಿಗೂ ಮನಸ್ಸಿತ್ತು. ಹಳ್ಳಿಗೆ ಯಾಕೆ, ಸೋದರಮಾವನ ಮನೆಯಲ್ಲಿಯೇ ಆಗಲಿ ಎಂದು ನೌಬಾದಕ್ಕೆ ಕರೆಸಿದೆ. ಹುಡುಗ, ಅವನ ತಾಯಿ, ಸೋದರಮಾವ ಬಂದರು. ಸಂಗೀತಾ ಪಕ್ಕದ ಮನೆಯಲ್ಲಿ ತಲೆ ಬಾಚಿಸಿಕೊಂಡು ಹೆಣಲು ಹಾಕಿಸಿಕೊಳ್ಳುತ್ತಿದ್ದಳು. ಅಕ್ಕ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಹೊರಗೆ ಬಂದಳು.

ಹುಡುಗನ ಮಾವ ನೀರು ತೆಗೆದುಕೊಳ್ಳದೆ ಅವಳ ಮುಖವನ್ನೇ ನೋಡುತ್ತ ನಿಂತ. ಅವಳು ಒಳಗೆ ಹೋದ ಮೇಲೆ ನನ್ನನ್ನು ನೋಡಿದ. ಚುರುಮುರಿಯ ಸುಸಲಾ, ಚಹಾ ಬಂತು. ಅವನು ಬಟ್ಟಲು ಎತ್ತಲಿಲ್ಲ.

“ಝರೆಪ್ಪನವರೆ, ತಪ್ಪ ತಿಳೀಬ್ಯಾಡ್ರಿ. ಹಿಂದ ನಮ್ಮ ಬೀಗರ ಜೋಡಿ ನಿಮ್ಮ ಆಟೋದಾಗ ಬಂದಿದ್ದೆ. ಹೊಳಿ ದಂಡಿಗಿ ಒಬ್ಬ ಹೆಣ್ಮಗಳನ್ನ ತೋರಿಸಿದ್ರಿ. ಅಕಿ ಒಮ್ಮೆ ಹೊಳ್ಳಿ ನೋಡಿದ್ಲು, ಆ ಮುಖ ನೆನಪದ. ಗಂಡ ಸತ್ತು ತಲಿ ಕೆಟ್ಟದ, ದಿನಾ ಬಂದು ಕರೀತಾಳ ಅಂದಿದ್ರಿ. ಅವ್ರು ಇವ್ರೇ ಏನ್ರಿ?”

ಒಳಗಿನ ಪರದೆಯ ಕೆಳಗೆ ಅಕ್ಕನ ಪಾದಗಳು ಕಾಣುತ್ತಿದ್ದವು. ಹುಡುಗನ ತಾಯಿ ಕೈಯಲ್ಲಿದ್ದ ಚಮಚವನ್ನು ತಟ್ಟೆಯಲ್ಲಿ ಇಟ್ಟಳು. ಅದು ನಾನು ಕಟ್ಟಿದ ಸುಳ್ಳು ಎಂದರೆ ಮುಗಿಯುತ್ತಿತ್ತು. ನಾನು ಸುಳ್ಳ ಎನಿಸಿಕೊಳ್ಳುತ್ತಿದ್ದೆ, ಲಾಡ್ಜಿನವನಿಗೆ ಸುದ್ದಿ ಹೋಗುತ್ತಿತ್ತು, ಒಡಹುಟ್ಟಿದವಳನ್ನು ತಮಾಷೆ ಮಾಡಿದವನೆಂದು ಮಂದಿ ಉಗುಳುತ್ತಿದ್ದರು. ಅಷ್ಟೇ. ಆದರೆ ಗಿರಾಕಿಗಳ ಮುಂದೆ ಎಡವಿದಾಗ ಮಾತು ಹೊರಳಿಸಿ ಪಾರಾಗುವ ಚಾಳಿ ನನಗೆ ಹತ್ತಿಬಿಟ್ಟಿತ್ತು. ಅದೇ ನಾಲಿಗೆಗೆ ಬಂತು.

“ಈಗ ಆರಾಮ ಅದಾಳ್ರಿ. ಮೊದಲಿನಾಂಗ ಏನಿಲ್ಲ” ಎಂದೆ.

“ಅಂದ್ರ ಮೊದಲ ಇತ್ತು ಅಂದಾಂಗಾತಲ್ರಿ” ಎಂದ ಅವನು.

ಅವರು ಕೂಗಾಡಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಚಪ್ಪಲಿ ಮೆಟ್ಟುತ್ತಿರುವಾಗ ಸಂಗೀತಾ ಹೊಸ ಸೀರೆ ಉಟ್ಟು, ಹೆಣಲಿಗೆ ಹೂ ಮುಡಿದು ಬಾಗಿಲಿಗೆ ಬಂದಳು. ಹುಡುಗ ಒಮ್ಮೆ ನೋಡಿ ತಲೆ ತಗ್ಗಿಸಿದ. ಅವನ ತಾಯಿ ಅವಳ ಗಲ್ಲ ಮುಟ್ಟಿ ಹೋದಳು.

ಸಂಗೀತಾ ಬಟ್ಟಲುಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದ ಮೇಲೆ ಅಕ್ಕ ಪರದೆ ಸರಿಸಿದಳು.

“ಝರೆಪ್ಪ, ನಂಗ ದೂರ ಕೂಡು ಅಂದಿದ್ದು ಇದಕ್ಕೇನು?”

ನಾನು ಬಾಗಿ ಚಾಪೆ ಸುತ್ತತೊಡಗಿದೆ. ಅವಳು ಅಂದಿನಿಂದ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಮುಂದಿನದು ಬೇಗ ಹೇಳುತ್ತೇನೆ, ನಿಧಾನ ಹೇಳಲು ಆಗುವುದಿಲ್ಲ. ಹುಚ್ಚಿಯ ಮಗಳು ಎಂಬ ಮಾತು ಭಾಲ್ಕಿಯಿಂದ ಔರಾದಿನ ತನಕ ಹರಡಿತು. ಬಂದವರೆಲ್ಲ ಅರ್ಧ ದಾರಿಯಿಂದ ಹಿಂದಿರುಗಿದರು. ಕೊನೆಗೆ ಸಂಗೀತಾಳನ್ನು ಉದಗೀರ ಕಡೆ ಎರಡನೇ ಸಂಬಂಧಕ್ಕೆ ಕೊಟ್ಟರು. ಅಲ್ಲಿ ಗಂಡ ಕುಡಿದು ಹೊಡೆಯುವಾಗಲೆಲ್ಲ, “ನಿಮ್ಮವ್ವನ ರಕ್ತ ನಿನ್ನಾಗೂ ಅದ” ಎನ್ನುತ್ತಿದ್ದನಂತೆ. ನಿಂತ ಬಸಿರೂ ಇಳಿದುಹೋಯಿತು. ತಿರುಗಿ ಬಂದಳು. ಔರಾದಿನ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಹಿಡಿದಳು. ಅಕ್ಕ ಕುರಿ ಮಾರಿ ಅವಳ ಹತ್ತಿರ ಹೋಗಿ ಇದ್ದಳು.

ನಾನು ಅಷ್ಟರಲ್ಲಿ ಆ ಕತೆ ಹೇಳುವುದನ್ನು ಬಿಟ್ಟಿದ್ದೆ. ಬಿಟ್ಟರೆ ಸಾಕು ಎಂದುಕೊಂಡಿದ್ದೆ.

ಹೋದ ವರ್ಷ ಒಬ್ಬ ತರುಣ ಗೈಡ್ ನನ್ನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ನಮ್ಮೂರಿಗೆ ಹೋದ. ಬೆಂಗಳೂರಿನ ಗಿರಾಕಿಗಳಿದ್ದರು. ಖಾಲಿ ಮೆಟ್ಟಿಲು ತೋರಿಸಿ ಅವನು ಶುರು ಮಾಡಿದ. ಹುಚ್ಚಿ ಇಲ್ಲೇ ಕೂಡುತ್ತಿದ್ದಳು, ಒಂದು ಸಂಜೆ ತಾನೂ ಹೊಳೆಗೆ ಹಾರಿದಳು, ಈಗಲೂ ಅವಳ ದನಿ ಕೇಳುತ್ತದೆ ಎಂದ. ಎಲ್ಲರೂ ಮೊಬೈಲ್ ಹಿಡಿದು ಸುಮ್ಮನೆ ನಿಂತು ಆ ದನಿಗಾಗಿ ಕಾದರು. ಹಿಂದಿರುಗಿ ಬರುವಾಗ ಅವನು ನನ್ನ ಕಿವಿಯಲ್ಲಿ, “ನಿಮ್ಮ ಕತೀನೇ ಕಾಕಾ. ಸ್ವಲ್ಪ ಬೆಳಸೀನಿ, ಅಷ್ಟೇ” ಎಂದ. ಜೀವಂತ ಇರುವ ನನ್ನ ಅಕ್ಕ ಆ ಹೊತ್ತಿಗೆ ಔರಾದಿನಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನನ್ನು ಬೈಯಲು ಬಾಯಿ ತೆರೆದೆ. ಯಾವ ಮುಖದಿಂದ ಬೈಯಲಿ?

ಮರುದಿನವೇ ಭಾಲ್ಕಿಗೆ ಹೋದೆ. ಹುಡುಗನ ಮಾವ ತೀರಿಕೊಂಡಿದ್ದ. ಅಂಗಡಿಯಲ್ಲಿ ಆ ಹುಡುಗನೇ ಕುಳಿತಿದ್ದ, ಪಕ್ಕದಲ್ಲಿ ಅವನ ಇಬ್ಬರು ಮಕ್ಕಳು ಆಡುತ್ತಿದ್ದರು. ನನ್ನನ್ನು ಗುರುತಿಸಿದ. ಎಲ್ಲ ಹೇಳಿದೆ. ಅವನು ಗಿರಾಕಿಯೊಬ್ಬರಿಗೆ ತೊಗರಿಬೇಳೆ ತೂಗಿ ಕೊಟ್ಟು, ಆಮೇಲೆ, “ಆವತ್ತ ನಾ ಬಾಗ್ಲದಾಗೇ ನಿಂತಿದ್ದೆಲ್ರಿ. ಒಂದ್ ಮಾತು ಆವತ್ತ ಹೇಳಿದ್ರ ಏನಾಗ್ತಿತ್ರಿ?” ಎಂದ. ದನಿ ಏರಿಸಲಿಲ್ಲ. “ಈಗ ಹೇಳಿ ನನ್ನ ಮನ್ಯಾಗ ಬೆಂಕಿ ಹಚ್ಚಬ್ಯಾಡ್ರಿ. ಹೋಗ್ರಿ” ಎಂದ.

ಅಲ್ಲಿಂದ ಔರಾದಿಗೆ ಹೋದೆ. ಹಾಸ್ಟೆಲಿನ ಹಿಂದೆ ಅಡುಗೆಮನೆ. ಅಕ್ಕ ಬಾಗಿಲ ಕಟ್ಟೆಯ ಮೇಲೆ ಮೊರ ಹಿಡಿದು ಕುಳಿತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಮತ್ತೆ ಮೊರ ನೋಡಿದಳು. ಒಳಗೆ ಸಂಗೀತಾ ಇನ್ನೂ ಕೆಲವು ಹೆಂಗಸರೊಡನೆ ರೊಟ್ಟಿ ಬಡಿಯುತ್ತಿದ್ದಳು. “ಮಾಮಾ, ಬರ್ರಿ, ಕೂಡ್ರಿ. ಇವತ್ತ ದಾರಿ ತಪ್ಪೀರಿ ಏನು?” ಎಂದು ನಕ್ಕಳು. ಆ ನಗುವಿಗೆ ನನಗೆ ಆಶ್ಚರ್ಯವಾಯಿತು. ಅಕ್ಕನ ಪಕ್ಕ ಕುಳಿತು ಸಣ್ಣ ದನಿಯಲ್ಲಿ ಕೇಳಿದೆ.

“ಅದು ನಾ ಕಟ್ಟಿದ ಮಾತಂತ ಅಕಿಗಿ ಗೊತ್ತಿಲ್ಲೇನು?”

“ಯಾರು ಹೇಳವ್ರು?” ಎಂದಳು ಅಕ್ಕ. “ಅಪ್ಪ ಇಲ್ಲ. ಗಂಡ ಇದ್ದೂ ಇಲ್ಲ. ಸೋದರಮಾವ ಅಂತ ಒಬ್ಬಾವರೆ ಇರ್ಲಿ ಅಂತ ಬಾಯಿ ಕಟ್ಕೊಂಡೀನಿ.”

ನಾನು ಮೊರದಿಂದ ಒಂದು ಕಲ್ಲು ಹೆಕ್ಕಿ ಬದಿಗೆ ಹಾಕಿದೆ.

“ಅಕಿ ಕೇಳ್ತಾಳ ಆಗಾಗ. ‘ಯವ್ವಾ, ನಾ ಸಣ್ಣಾಕಿ ಇದ್ದಾಗ ನಿಂಗ ಏನರೆ ಆಗಿತ್ತೇನು’ ಅಂತ. ಏನೂ ಆಗಿದ್ದಿಲ್ಲ ಅಂದ್ರ ನನ್ನ ಮುಖ ನೋಡ್ತಾಳ. ಡಾಕ್ಟರು ನೋಡ್ದಾಂಗ ನೋಡ್ತಾಳ. ಮಂದಿ ಹುಚ್ಚಿ ಅಂದದ್ದು ಹೋಗ್ಲಿ. ನನ್ನ ಮಗಳು ನಂಗ ಹಾಂಗ ನೋಡ್ತಾಳ ಝರೆಪ್ಪ.”

“ತಪ್ಪಾತು ಅಕ್ಕಾ” ಎಂದೆ, ನನಗೇ ಕೇಳದಷ್ಟು ಮೆಲ್ಲಗೆ.

“ನಂಗ ಬ್ಯಾಡ. ಒಳಗ ಹೋಗು. ಇಲ್ಲೀ ಹೆಂಗಸ್ರಿಗೂ ಆ ಮಾತು ಮುಟ್ಟೇದ. ಅವ್ರೆಲ್ಲಾ ಕೇಳಂಗ ಅಕಿಗಿ ಹೇಳು. ಮೆಟ್ಲಾ ಮ್ಯಾಲ ನಿಂತು ಮಂದಿಗಿ ಹೇಳ್ತಿದ್ದೆಲ್ಲ, ಅಷ್ಟು ಜೋರ ಹೇಳು.”

ಗೋಡೆ ಹಿಡಿದು ಎದ್ದೆ. ಒಳಗೆ ಹೊಗೆ ಇತ್ತು. ರೊಟ್ಟಿ ಬಡಿಯುವ ಸಪ್ಪಳಕ್ಕೆ ನನ್ನ ದನಿ ಮುಚ್ಚಿಹೋದೀತೆಂದು ಕೈ ಎತ್ತಿ ನಿಲ್ಲಿಸಿದೆ. ಹೆಂಗಸರು ತಲೆ ಎತ್ತಿದರು. ಸಂಗೀತಾ ಹಿಟ್ಟಿನ ಕೈಯಲ್ಲಿಯೇ ನನ್ನ ಕಡೆ ತಿರುಗಿದಳು.

“ಸಂಗೀತಾ, ನಿಮ್ಮವ್ವಗ ಯಾವತ್ತೂ ತಲಿ ಕೆಟ್ಟಿದ್ದಿಲ್ಲ. ಅಕಿ ಹೊಳಿಗಿ ಹೋಗ್ತಿದ್ದು ಕುರಿಗಿ ನೀರು ಕುಡಸ್ಲಿಕ್ಕ. ಗಂಡನ್ನ ಕರೀತಾಳ, ಹುಚ್ಚಿ ಅಂತ ಹೇಳಿದಾಂವ ನಾ. ಬಂದ ಮಂದಿ ಅಳ್ಲಿ ಅಂತ ನಾನೇ ಕಟ್ಟಿ ಹೇಳಿದೆ. ಭಾಲ್ಕಿಯವ್ರು ನನ್ನ ಮನ್ಯಾಗ ಕುಂತು ಖರೇ ಏನು ಅಂತ ಕೇಳಿದ್ರು, ಆಗೂ ನಾ ಸುಳ್ಳು ಅಂತ ಅನ್ಲಿಲ್ಲ. ನಿನ್ನ ಬಾಳು ಹಾಳಾಗಿದ್ದು ನಿಮ್ಮವ್ವನಿಂದ ಅಲ್ಲ, ನನ್ನಿಂದ. ತಪ್ಪಾತು ನನ್ನವ್ವಾ. ಅಕ್ಕಾ, ನಿಂಗೂ ತಪ್ಪು ಮಾಡೀನಿ. ತಪ್ಪಾತು.”